ಮಿಠಾಯಿ ಅಂಗಡಿಯಲ್ಲಿ ಶ್ರಾವಕ: ಆಹಾರಶುದ್ಧಿಯ ಒಂದು ಚರಿತ್ರೆ

ಜೈನ ಆಚಾರಗ್ರಂಥಗಳಲ್ಲಿ ಆಹಾರಶುದ್ಧಿಯ ವಿಚಾರ ಬಂದಲ್ಲೆಲ್ಲ ಓದುಗನ ಕಣ್ಣ ಮುಂದೆ ನಿಲ್ಲುವುದು ಗೃಹಸ್ಥನ ಅಡುಗೆಮನೆ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಅದೇ ಬಾವಿಗೆ ಮರಳಿ ಬಿಡುವವಳು ಮನೆಯ ಶ್ರಾವಿಕೆ. ಕರೆದ ಹಾಲನ್ನು ಒಂದು ಮುಹೂರ್ತದೊಳಗೆ, ಎಂದರೆ 48 ನಿಮಿಷಗಳೊಳಗೆ, ಸೋಸಿ ಕಾಯಿಸುವವಳು ಅವಳೇ. ಧಾನ್ಯವನ್ನು ಹಗಲಿನ ಬೆಳಕಿನಲ್ಲಿ ಹಸನು ಮಾಡಿ, ಬೀಸಿ, ಆ ಹಿಟ್ಟು ಎಷ್ಟು ದಿನ ಬಳಕೆಗೆ ಯೋಗ್ಯವೆಂಬುದನ್ನು ಲೆಕ್ಕವಿಡುವವಳೂ ಅವಳೇ. ಈ ಗ್ರಂಥಗಳ ವಿಧಿನಿಷೇಧಗಳೆಲ್ಲ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿವೆ: ಉಣ್ಣುವವನಿಗೆ ಅಡುಗೆ ಮಾಡಿದ ಕೈ ಯಾವುದೆಂದು ಗೊತ್ತಿದೆ. ಆ ಕೈ ಕಣ್ಮರೆಯಾದಾಗ ಏನು ಮಾಡಬೇಕೆಂಬ ಪ್ರಶ್ನೆ ಪೂರ್ವಾಚಾರ್ಯರ ಕಾಲಕ್ಕೆ ಇಷ್ಟು ದೊಡ್ಡದಾಗಿ ಎದ್ದಿರಲಿಲ್ಲ. ಪೇಟೆಯ ಮಿಠಾಯಿ ಅಂಗಡಿ, ಡಬ್ಬಿಯಲ್ಲಿ ಬಂದ ತುಪ್ಪ, ಇತ್ತೀಚಿನ ಆರೋಗ್ಯಾಹಾರದ ಮಳಿಗೆ ಇವು ಮೂರೂ ಸೇರಿ ಅದನ್ನು ಎಬ್ಬಿಸಿವೆ.

ಆದರೂ ಉತ್ತರಕ್ಕೆ ಬೇಕಾದ ಸಾಮಗ್ರಿ ಪ್ರಾಚೀನರಲ್ಲಿಯೇ ದೊರೆಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಂದಿಗೆ ಕೂಡಿಸಿ ಅಷ್ಟಮೂಲಗುಣಗಳೆಂದು ಎಣಿಸಿದರು. 10ನೆಯ ಶತಮಾನದ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಮೂರರೊಡನೆ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳಿದರು. ಲೆಕ್ಕದ ಕ್ರಮ ಬೇರೆಯಾದರೂ ಜೇನು ಎರಡರಲ್ಲಿಯೂ ಮಾಂಸದ ಪಕ್ಕದಲ್ಲಿಯೇ ನಿಂತಿದೆ. ಜೈನರ ಪಂಚಾಮೃತಾಭಿಷೇಕದಲ್ಲಿ ಜೇನಿನ ಜಾಗಕ್ಕೆ ಕಬ್ಬಿನ ಹಾಲು, ಅಂದರೆ ಇಕ್ಷುರಸ ಬಂದಿರುವುದು ಇದೇ ಕಾರಣದಿಂದ. ಅಮೃತಚಂದ್ರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾವೇ ಒಂದು ಆಕ್ಷೇಪವನ್ನು ಎತ್ತಿಕೊಂಡು ಉತ್ತರಿಸುತ್ತಾರೆ. ತಾನಾಗಿಯೇ ಸತ್ತ ಕೋಣದ ಅಥವಾ ಎತ್ತಿನ ಮಾಂಸವನ್ನು ತಿಂದರೆ ಹಿಂಸೆ ಎಲ್ಲಿಂದ ಬಂತು ಎಂಬುದು ಆ ಆಕ್ಷೇಪ. ಆ ಮಾಂಸವನ್ನು ಆಶ್ರಯಿಸಿ ಹುಟ್ಟುವ ನಿಗೋದಜೀವಗಳ ಹಿಂಸೆ ಅಲ್ಲಿಯೂ ತಪ್ಪದು ಎಂಬುದು ಅವರ ಸಮಾಧಾನ. ಗೂಡಿನಿಂದ ತಾನಾಗಿ ಸುರಿದ ಜೇನಿಗೂ ಅವರು ಇದೇ ನ್ಯಾಯವನ್ನು ಅನ್ವಯಿಸಿದ್ದಾರೆ. ಸಾವಿರ ವರ್ಷಗಳ ಹಿಂದಿನ ಈ ಚರ್ಚೆ ಇಂದಿನ ಮಿಠಾಯಿ ಅಂಗಡಿಯ ಗಾಜಿನ ಕಪಾಟಿಗೆ ಹೇಗೆ ನೇರವಾಗಿ ತಾಕುತ್ತದೆಂಬುದು ಮುಂದೆ ತಿಳಿದೀತು.

ಎರಡನೆಯ ಸಾಮಗ್ರಿ ಕೃತ, ಕಾರಿತ, ಅನುಮೋದಿತ ಎಂಬ ತ್ರಿವಿಧ ವಿಭಾಗ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಸಮ್ಮತಿಸಿದ್ದು ಮೂರರಲ್ಲಿಯೂ ಜೀವನು ಭಾಗಿ. ಹಣ ಕೊಟ್ಟು ಕೊಳ್ಳುವವನು ಈ ಮೂರರಲ್ಲಿ ಎಲ್ಲಿ ನಿಲ್ಲುತ್ತಾನೆ? ಗಿರಾಕಿಯಿಲ್ಲದೆ ಅಂಗಡಿಯಿಲ್ಲ ಎಂಬುದನ್ನು ಬಲ್ಲ ವರ್ತಕ ಸಮಾಜಕ್ಕೆ ಇದರ ಉತ್ತರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮೂರನೆಯದು ಮಾರುವವನ ಕಡೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಳ್ಳ ತೂಕ, ಕಳ್ಳ ಅಳತೆಗಳ ಜೊತೆಗೆ ಪ್ರತಿರೂಪಕ ವ್ಯವಹಾರವೆಂಬುದನ್ನೂ ಸೇರಿಸಲಾಗಿದೆ. ಒಂದನ್ನು ಹೋಲುವ ಇನ್ನೊಂದನ್ನು ಬೆರೆಸಿ ಮಾರುವುದು ಇದರ ಅರ್ಥ. ಕಲಬೆರಕೆಯನ್ನು ಶಾಸ್ತ್ರಕಾರರು ಕಳವಿನ ಸಾಲಿನಲ್ಲಿ ಇರಿಸಿದರು. ಭಾರತದಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ ಬಂದುದು 1954ರಲ್ಲಿ. ಶ್ರಾವಕನಾದ ವರ್ತಕನಿಗೆ ಆ ಕಾಯ್ದೆ ಅದಕ್ಕಿಂತ ಎಷ್ಟೋ ಶತಮಾನಗಳ ಮೊದಲೇ ಜಾರಿಯಲ್ಲಿದ್ದಿತು.

ಕನ್ನಡ ನಾಡಿನ ಜೈನರು ರುಚಿಯ ವಿರೋಧಿಗಳಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 16ನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಸಮ್ಯಕ್ತ್ವಕೌಮುದಿ, ನೇಮಿಜಿನೇಶ ಸಂಗತಿಗಳಂಥ ಧಾರ್ಮಿಕ ಕೃತಿಗಳನ್ನು ಬರೆದ ಕೈಯಿಂದಲೇ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನೂ ರಚಿಸಿದನು. ಹಿಟ್ಟಿನ ತಿನಿಸುಗಳು, ಪಾನಕಗಳು, ಅನ್ನದ ಬಗೆಗಳು, ಕಾಯಿಪಲ್ಯಗಳ ಪಾಕಗಳು ಅದರ ವಸ್ತು. ಮಾಂಸದ ಸೋಂಕಿಲ್ಲದ ಅಡುಗೆಯೂ ಒಂದು ಶಾಸ್ತ್ರವಾಗಬಲ್ಲಷ್ಟು ಸಮೃದ್ಧವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಮಂಗರಸನ ಪಾಕಗಳೂ ಮನೆಯ ಪಾಕಗಳೇ. ಒಲೆ ಕಣ್ಣೆದುರಿಗೇ ಇದ್ದಿತು.

ಒಲೆ ಅಂಗಡಿಯ ಹಿಂಬದಿಗೆ ಸರಿದುದು ನಿಧಾನವಾಗಿ. ಧಾರವಾಡದ ಪೇಢ, ಬೆಳಗಾವಿಯ ಕುಂದ, ಗೋಕಾಕದ ಕರದಂಟು, ಮೈಸೂರಿನ ಪಾಕು ಇವು ಊರಿನ ಹೆಸರನ್ನು ಹೊತ್ತು ಪ್ರಸಿದ್ಧವಾದವು. ಇವುಗಳ ಸಾಮಗ್ರಿ ಬಹುಮಟ್ಟಿಗೆ ಸರಳವಾದುದು: ಹಾಲು, ಸಕ್ಕರೆ, ಬೆಲ್ಲ, ಕಡಲೆಹಿಟ್ಟು, ತುಪ್ಪ, ಒಣಹಣ್ಣು; ಕರದಂಟಿಗೆ ಮರದ ಅಂಟು. ಕೊಳ್ಳುವವನಿಗೆ ಮಾಡುವವನ ಮನೆ ಗೊತ್ತಿದ್ದಿತು, ಮಾಡುವವನಿಗೆ ಕೊಳ್ಳುವವನ ವ್ರತ ಗೊತ್ತಿದ್ದಿತು. ಈ ಪರಸ್ಪರ ಪರಿಚಯವೇ ಅಂದಿನ ಚೀಟಿ, ಅಂದಿನ ಮುದ್ರೆ.

ಈ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದುದು ತುಪ್ಪದ ವಿಷಯದಲ್ಲಿ. 1930ರ ದಶಕದಲ್ಲಿ ಗಟ್ಟಿಗೊಳಿಸಿದ ಸಸ್ಯತೈಲ ‘ವನಸ್ಪತಿ’ಯೆಂಬ ಹೆಸರಿನಲ್ಲಿ ದೇಶದಲ್ಲಿಯೇ ತಯಾರಾಗತೊಡಗಿತು. 1937ರಲ್ಲಿ ಬಂದ ಡಾಲ್ಡಾ ಎಷ್ಟು ಮನೆಮಾತಾಯಿತೆಂದರೆ ಕನ್ನಡದಲ್ಲಿ ಅದು ಆ ಜಾತಿಯ ಎಲ್ಲ ಜಿಡ್ಡಿಗೂ ಹೆಸರಾಗಿ ನಿಂತಿತು. ತುಪ್ಪಕ್ಕಿಂತ ಅಗ್ಗ, ನೋಡುವುದಕ್ಕೆ ತುಪ್ಪದ ಹಾಗೆಯೇ ಹರಳು ಹರಳು. ಮಿಠಾಯಿ ಅಂಗಡಿಗೆ ಇದಕ್ಕಿಂತ ಅನುಕೂಲವಾದುದು ಯಾವುದಿದ್ದೀತು? ಸಸ್ಯಮೂಲವೆಂಬ ಭರವಸೆಯಿಂದ ಅಹಿಂಸಾವ್ರತಿಗಳೂ ಅದನ್ನು ಒಪ್ಪಿಕೊಂಡರು. ಆ ಭರವಸೆ ಕುಸಿದುದು 1983ರಲ್ಲಿ. ವಿದೇಶದಿಂದ ಆಮದಾದ ದನದ ಕೊಬ್ಬನ್ನು ವನಸ್ಪತಿಗೆ ಬೆರೆಸಲಾಗಿದೆಯೆಂಬ ಸುದ್ದಿ ಹೊರಬಿದ್ದು ದೇಶವೇ ತಲ್ಲಣಿಸಿತು. ಸಂಸತ್ತಿನಲ್ಲಿ ಗದ್ದಲವಾಯಿತು, ಸರಕಾರವು ಆ ಕೊಬ್ಬಿನ ಆಮದನ್ನು ನಿಷೇಧಿಸಿತು. ಆಗ ಆಪಾದನೆಗೆ ಗುರಿಯಾದವರಲ್ಲಿ ಜೈನ ಸಮಾಜದ ವರ್ತಕರೂ ಇದ್ದರೆಂಬುದು ಸಮಾಜದ ಸಭೆಗಳಲ್ಲಿ ಗಟ್ಟಿಯಾಗಿ ಆಡುವ ಮಾತಲ್ಲ. ಆದರೆ ಪ್ರತಿರೂಪಕ ವ್ಯವಹಾರವನ್ನು ಅತಿಚಾರವೆಂದು ಪ್ರತಿವರ್ಷ ಪ್ರವಚನದಲ್ಲಿ ಕೇಳುವ ಸಮಾಜವು ಈ ಅಧ್ಯಾಯವನ್ನು ತನ್ನ ಚರಿತ್ರೆಯಿಂದ ಹರಿದುಹಾಕುವುದು ಸರಿಯೆನಿಸದು.

ವನಸ್ಪತಿಯಲ್ಲಿ ನಡೆದುದು ಮೋಸ. ಇನ್ನೊಂದು ವಸ್ತುವಿನಲ್ಲಿ ಮೋಸವೇ ಇರಲಿಲ್ಲ. ಯಾರೂ ಕೇಳಲಿಲ್ಲ, ಆದುದರಿಂದ ಯಾರೂ ಹೇಳಲಿಲ್ಲ. ಅದು ಬೆಳ್ಳಿಯ ರೇಕು, ವ್ಯಾಪಾರದ ಮಾತಿನಲ್ಲಿ ವರಖ್.

ಗೋಡಂಬಿಯ ಕತ್ಲಿಯ ಮೇಲೆ, ಬರ್ಫಿಯ ಮೇಲೆ, ಬೀಡಾದ ಮೇಲೆ ಮಿನುಗುವ ಈ ರೇಕು ಎಷ್ಟು ತೆಳುವೆಂದರೆ ಉಸಿರು ತಾಕಿದರೂ ಹಾರಿಹೋಗುತ್ತದೆ, ಬೆರಳು ಮುಟ್ಟಿದರೆ ಬೆರಳಿಗೇ ಅಂಟಿಕೊಳ್ಳುತ್ತದೆ. ಅಷ್ಟು ತೆಳುವಾಗಬೇಕಾದರೆ ಬೆಳ್ಳಿಯ ಸಣ್ಣ ಚೂರುಗಳನ್ನು ಗಂಟೆಗಟ್ಟಲೆ ಸುತ್ತಿಗೆಯಿಂದ ಬಡಿಯಬೇಕು. ಬರಿಯ ಕಲ್ಲಿನ ಮೇಲಿಟ್ಟು ಬಡಿದರೆ ಬೆಳ್ಳಿ ಹರಿದು ಚೂರಾಗುತ್ತದೆ. ಕಾಗದದ ನಡುವೆ ಇಟ್ಟರೆ ಕಾಗದವೇ ಹರಿಯುತ್ತದೆ. ಬಡಿತವನ್ನು ತಾಳಬಲ್ಲ, ನುಣುಪಾದ, ಬೆಳ್ಳಿ ಅಂಟಿಕೊಳ್ಳದ ಪೊರೆಯೊಂದು ಬೇಕು. ಸಾಂಪ್ರದಾಯಿಕ ಕುಶಲಕರ್ಮಿಗಳು ಅದಕ್ಕೆ ಕಂಡುಕೊಂಡುದು ಎತ್ತು ದನಗಳ ಕರುಳಿನ ಪೊರೆ. ಕಸಾಯಿಖಾನೆಯಿಂದ ತಂದ ಕರುಳನ್ನು ತೊಳೆದು, ಹದಗೊಳಿಸಿ, ಚೌಕಾಕಾರದ ಹಾಳೆಗಳಾಗಿ ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ ಪುಸ್ತಕದಂತೆ ಕಟ್ಟುತ್ತಾರೆ. ಹಾಳೆ ಹಾಳೆಯ ನಡುವೆ ಬೆಳ್ಳಿಯ ಚೂರನ್ನಿರಿಸಿ, ಇಡೀ ಕಟ್ಟನ್ನು ಚರ್ಮದ ಚೀಲದಲ್ಲಿ ಸೇರಿಸಿ ಬಡಿಯುತ್ತಾರೆ. ಕೊನೆಗೆ ರೇಕನ್ನು ಎತ್ತಿ ಕಾಗದದ ಮೇಲೆ ಹರಡಿ ಮಿಠಾಯಿಗಾರನಿಗೆ ಮಾರುತ್ತಾರೆ. ಜಯಪುರ, ಲಖನೌ, ಹೈದರಾಬಾದುಗಳ ಹಳೆಯ ಬೀದಿಗಳಲ್ಲಿ ಈ ಸುತ್ತಿಗೆಯ ಸದ್ದು ತಲೆಮಾರುಗಳಿಂದ ಕೇಳಿಬಂದಿದೆ. ಬಡಿಯುವವನು ಇದನ್ನು ಬಚ್ಚಿಟ್ಟವನಲ್ಲ. ಬೀದಿಗೆ ಮುಖಮಾಡಿ ಕುಳಿತೇ ಬಡಿದವನು. ಅವನನ್ನು ದೂಷಿಸುವುದು ಅನ್ಯಾಯ. ಮಿಠಾಯಿಯ ತಟ್ಟೆಯವರೆಗೆ ಬರುವಷ್ಟರಲ್ಲಿ ಆ ಕರುಳಿನ ಸುದ್ದಿ ಎಲ್ಲಿ ಕಳೆದುಹೋಯಿತೆಂಬುದೇ ಪ್ರಶ್ನೆ.

ಈ ಸಂಗತಿಯನ್ನು ಸಸ್ಯಾಹಾರಿಗಳ ಗಮನಕ್ಕೆ ಎಡೆಬಿಡದೆ ತಂದವರಲ್ಲಿ ಪುಣೆಯ ‘ಬ್ಯೂಟಿ ವಿದೌಟ್ ಕ್ರುಯಲ್ಟಿ’ ಸಂಸ್ಥೆ ಮುಖ್ಯವಾದುದು. 1974ರಲ್ಲಿ ಡಯಾನಾ ರತ್ನಾಗರ್ ಅವರು ಭಾರತದಲ್ಲಿ ಆರಂಭಿಸಿದ ಈ ಸಂಸ್ಥೆಯು ರೇಷ್ಮೆ, ಚರ್ಮ, ಮುತ್ತು, ಸೌಂದರ್ಯಸಾಧನಗಳ ಹಿಂದಿನ ಹಿಂಸೆಯನ್ನು ಶೋಧಿಸುತ್ತ ವರಖಿನ ತಯಾರಿಕೆಯನ್ನೂ ಬಯಲಿಗೆ ತಂದಿತು. ಜೈನ ಸಮಾಜಕ್ಕೆ ಈ ಸುದ್ದಿ ಎರಡು ಪಟ್ಟು ನೋವಿನದು. ಮಿಠಾಯಿಯಲ್ಲಿ ತಿಂದುದಷ್ಟೇ ಆಗಿದ್ದರೆ ತಿನ್ನುವುದನ್ನು ಬಿಡಬಹುದಾಗಿತ್ತು. ಆದರೆ ಶ್ವೇತಾಂಬರ ಮಂದಿರಗಳಲ್ಲಿ ಜಿನಬಿಂಬಕ್ಕೆ ಮಾಡುವ ಆಂಗಿಯ ಅಲಂಕಾರದಲ್ಲಿ ಇದೇ ವರಖನ್ನು ಬಳಸುವ ವಾಡಿಕೆಯಿದ್ದಿತು. ಕರುಳಿನ ನಡುವೆ ಬಡಿದ ಬೆಳ್ಳಿ ವೀತರಾಗನ ಬಿಂಬದ ಮೇಲೆ! ಅನೇಕ ಮಂದಿರಗಳು ಇದನ್ನು ಕೈಬಿಟ್ಟವು; ಕೆಲವರು ಯಂತ್ರದಲ್ಲಿ ಕಾಗದ ಅಥವಾ ಕೃತಕ ಹಾಳೆಗಳ ನಡುವೆ ತಯಾರಿಸಿದ ರೇಕನ್ನು ಹುಡುಕಿ ತರಿಸಿಕೊಂಡರು. ಕರ್ನಾಟಕದ ದಿಗಂಬರ ಬಸದಿಗಳಲ್ಲಿ ಬಿಂಬಕ್ಕೆ ಇಂಥ ಅಲಂಕಾರವಿಲ್ಲದ ಕಾರಣ ಪ್ರಶ್ನೆ ಅಲ್ಲಿ ಈ ರೂಪದಲ್ಲಿ ಬರಲಿಲ್ಲ. ಆದರೆ ಉತ್ಸವದ ದಿನ ಹಂಚುವ ಮಿಠಾಯಿ ಪೆಟ್ಟಿಗೆಯಲ್ಲಿ ಅದು ಬಂದೇ ಬಂದಿತು.

ವರಖಿನ ಪರವಾಗಿ ಆಡುವ ಮಾತೊಂದಿದೆ. ಎತ್ತನ್ನು ಕಡಿಯುವುದು ಮಾಂಸಕ್ಕಾಗಿ. ಕರುಳು ಹೇಗೂ ಉಳಿಯುವ ವಸ್ತು. ಅದನ್ನು ಬಳಸಿದ ಮಾತ್ರಕ್ಕೆ ಹೊಸ ಹಿಂಸೆಯೇನೂ ಆಗದು. ಮೇಲಾಗಿ ತಿನ್ನುವುದು ಬೆಳ್ಳಿಯನ್ನೇ ಹೊರತು ಕರುಳನ್ನಲ್ಲ. ಅಮೃತಚಂದ್ರರು ತಾನಾಗಿ ಸತ್ತ ಎತ್ತಿನ ಪ್ರಶ್ನೆಯನ್ನು ಎತ್ತಿಕೊಂಡುದು ಇಂಥ ವಾದಕ್ಕಾಗಿಯೇ ಇರಬೇಕೆನಿಸುತ್ತದೆ. ಕೊಲ್ಲದೆ ದೊರೆತ ಮಾಂಸಕ್ಕೂ ರಿಯಾಯಿತಿ ಕೊಡದವರು ಕೊಂದು ತೆಗೆದ ಕರುಳಿಗೆ ಕೊಟ್ಟಾರೆಯೇ? ಇನ್ನು ಕರುಳು ಉಳಿಯುವ ವಸ್ತುವೆಂಬ ಮಾತನ್ನು ವ್ಯಾಪಾರ ಬಲ್ಲವರು ಒಪ್ಪಲಾರರು. ಕಸಾಯಿಖಾನೆಯ ಲೆಕ್ಕದಲ್ಲಿ ಚರ್ಮ, ಮೂಳೆ, ಕೊಬ್ಬು, ಕರುಳು ಎಲ್ಲಕ್ಕೂ ಬೆಲೆಯಿದೆ. ಆ ಬೆಲೆಯನ್ನು ತೆರುವವರೆಲ್ಲ ಆ ಉದ್ಯಮದ ಆದಾಯಕ್ಕೆ ಕೈಗೂಡಿಸಿದವರೇ. ತಿನ್ನುವುದು ಬೆಳ್ಳಿಯನ್ನು ಮಾತ್ರವೆಂಬುದು ರಸಾಯನಶಾಸ್ತ್ರದ ದೃಷ್ಟಿಯಿಂದ ಹೆಚ್ಚುಕಡಿಮೆ ನಿಜವಿರಬಹುದು; ಕಾರಿತ, ಅನುಮೋದಿತಗಳ ಲೆಕ್ಕ ತಿಂದದ್ದರಿಂದಲ್ಲ, ಕೊಂಡದ್ದರಿಂದಲೇ ಆರಂಭವಾಗುತ್ತದೆ.

2016ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಬೆಳ್ಳಿ ರೇಕಿಗೆ ಮಾನದಂಡವನ್ನು ಹೊರಡಿಸಿ, ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತುವನ್ನು ಬಳಸಕೂಡದೆಂದು ವಿಧಿಸಿತು. ಕಣ್ಣಿಗೆ ಕಾಣುವ ಘಟಕವನ್ನಲ್ಲದೆ ತಯಾರಿಕೆಯ ಉಪಕರಣವನ್ನೂ ಪ್ರಶ್ನಿಸಿದ ಈ ನಿಯಮ ಜೈನ ದೃಷ್ಟಿಗೆ ಬಹಳ ಹತ್ತಿರವಾದುದು. ತಯಾರಕರು ಇದನ್ನು ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ನಿಯಮದ ಗತಿ ಏನೇ ಆಗಲಿ, ತಟ್ಟೆಯ ಮೇಲಿನ ರೇಕು ಯಾವುದರ ನಡುವೆ ಬಡಿದದ್ದೆಂದು ನೋಡಿ ಹೇಳುವ ಉಪಾಯ ಗಿರಾಕಿಯ ಬಳಿ ಇಲ್ಲ. ಬೆಳ್ಳಿಯೋ ಅಲ್ಯುಮಿನಿಯಮ್ಮೋ ಎಂಬುದನ್ನು ಮಾತ್ರ ಮನೆಯಲ್ಲಿಯೇ ಪರೀಕ್ಷಿಸಬಹುದು. ಬೆರಳುಗಳ ನಡುವೆ ಹೊಸೆದರೆ ಬೆಳ್ಳಿಯ ರೇಕು ಪುಡಿಯಾಗಿ ಇಲ್ಲವಾಗುತ್ತದೆ, ಅಲ್ಯುಮಿನಿಯಮ್ ಚೂರುಚೂರಾಗಿ ಉಳಿಯುತ್ತದೆ. ಸುಟ್ಟರೆ ಬೆಳ್ಳಿ ಹೊಳೆಯುವ ಗುಂಡಾಗುತ್ತದೆ, ಅಲ್ಯುಮಿನಿಯಮ್ ಬೂದಿಬಣ್ಣಕ್ಕೆ ತಿರುಗುತ್ತದೆ. ಅಪ್ಪಟ ಬೆಳ್ಳಿಯೆಂದು ಸಾಬೀತಾದ ರೇಕಿನ ಮೇಲೆಯೇ ಶ್ರಾವಕನ ಸಂದೇಹ ಉಳಿಯುತ್ತದೆಂಬುದು ಇದರ ವಿಚಿತ್ರ. ಸುಲಭವಾದ ದಾರಿ ನಮ್ಮ ನಾಡಿನ ಹಳೆಯ ಸಿಹಿಗಳೇ ತೋರಿಸಿವೆ: ಹೋಳಿಗೆಗೆ, ಚಿರೋಟಿಗೆ, ಕರದಂಟಿಗೆ, ಮೈಸೂರುಪಾಕಿಗೆ ಬೆಳ್ಳಿಯ ಹೊದಿಕೆ ಎಂದೂ ಬೇಕಾಗಿರಲಿಲ್ಲ.

ಹೀಗೆ ವರ್ತಕನ ಮಾತನ್ನಷ್ಟೇ ನಂಬಬೇಕಾಗಿದ್ದ ಕಾಲದಿಂದ ಮುದ್ರೆಯ ಕಾಲಕ್ಕೆ ದೇಶವು ದಾಟಿದುದು 2001-02ರಲ್ಲಿ. ಪೊಟ್ಟಣದ ಆಹಾರದಲ್ಲಿ ಪ್ರಾಣಿಮೂಲದ ಪದಾರ್ಥವಿದ್ದರೆ ಕಂದು ಬಣ್ಣದ ಗುರುತು ಇರಲೇಬೇಕೆಂಬ ನಿಯಮ 2001ರ ಅಕ್ಟೋಬರ್‌ನಿಂದ ಜಾರಿಗೆ ಬಂದಿತು. ಸಸ್ಯಾಹಾರವನ್ನು ಸೂಚಿಸುವ ಹಸಿರು ಚುಕ್ಕಿ 2002ರ ಜೂನ್‌ನಿಂದ ಕಡ್ಡಾಯವಾಯಿತು. ಮೊಟ್ಟೆ ಕಂದಿನ ಕಡೆಗೆ, ಹಾಲು ಹಸಿರಿನ ಕಡೆಗೆ ಸೇರಿತು. ಅದೇ 2002ರ ನವೆಂಬರ್‌ನಲ್ಲಿ ಓಝೈರ್ ಹುಸೇನ್ ಎಂಬವರು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ತೀರ್ಪಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ತಾನು ಬಳಸುವ ವಸ್ತುವಿನಲ್ಲಿ ಪ್ರಾಣಿಮೂಲದ್ದೇನಾದರೂ ಇದೆಯೇ ಎಂದು ತಿಳಿಯುವ ಹಕ್ಕು ಗ್ರಾಹಕನಿಗಿದೆಯೆಂದು ಹೇಳಿ, ಸೌಂದರ್ಯಸಾಧನಗಳಿಗೂ ಜೀವರಕ್ಷಕವಲ್ಲದ ಔಷಧಿಗಳಿಗೂ ಇದನ್ನು ವಿಸ್ತರಿಸಿತು. ಅಹಿಂಸೆಯ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಿದವರು ಜೈನರೇ ಆಗಬೇಕೆಂದಿಲ್ಲ ಎಂಬುದನ್ನು ಈ ಅರ್ಜಿದಾರರ ಹೆಸರೇ ಹೇಳುತ್ತದೆ. ಆದರೆ 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಔಷಧಿ, ಸೌಂದರ್ಯಸಾಧನಗಳಿಗೆ ಸಂಬಂಧಿಸಿದ ಆ ನಿರ್ದೇಶನಗಳನ್ನು ತಳ್ಳಿಹಾಕಿತು. ಗುರುತಿನ ಆಕಾರ ಕೂಡ ಬದಲಾಗಿದೆ: ಬಣ್ಣಗುರುಡು ಇರುವವರಿಗೆ ಕಂದು, ಹಸಿರು ಚುಕ್ಕಿಗಳ ಭೇದ ತಿಳಿಯದೆಂಬ ಕಾರಣಕ್ಕೆ 2020ರ ನಿಯಮಗಳು ಕಂದು ಚುಕ್ಕಿಯನ್ನು ತ್ರಿಕೋನವಾಗಿಸಿದವು.

ಚುಕ್ಕಿಯ ಹಿಂದೆಯೂ ಮರೆ ಇದ್ದಿತು. ಪೊಟ್ಟಣದ ಮೇಲೆ ಇ 631 ಎಂಬಂಥ ಸಂಖ್ಯೆಯನ್ನು ಬರೆದರೆ ಸಾಲುತ್ತಿತ್ತು. ರುಚಿಯನ್ನು ಹೆಚ್ಚಿಸುವ ಆ ಪದಾರ್ಥ ಮೀನಿನಿಂದಲೂ ಬರಬಹುದು, ಮಾಂಸದಿಂದಲೂ ಬರಬಹುದು, ಸಸ್ಯಮೂಲದಿಂದಲೂ ಬರಬಹುದು. 2021ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಇದೇ ಪದಾರ್ಥವನ್ನು ಉದಾಹರಿಸಿ, ಸಂಖ್ಯೆ ಮಾತ್ರ ಸಾಲದು, ಅದರ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನೂ, ಪ್ರಮಾಣ ಎಷ್ಟೇ ಅಲ್ಪವಾಗಿರಲಿ, ತಿಳಿಸಬೇಕೆಂದು ಆದೇಶಿಸಿತು.

ಇಷ್ಟೆಲ್ಲ ಆದ ಮೇಲೂ ಜೈನ ಗೃಹಸ್ಥನು ಹಸಿರು ಚುಕ್ಕಿಯನ್ನು ತನ್ನ ವ್ರತದ ಮುದ್ರೆಯೆಂದು ತಿಳಿಯುವಂತಿಲ್ಲ. ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಆರೋಗ್ಯಾಹಾರದ ಮಳಿಗೆಯಲ್ಲಿ. ಮಿಠಾಯಿ ಅಂಗಡಿಗೆ ಹೋಗುವಾಗ ಜಿಹ್ವಾಲೌಲ್ಯದ ಅಳುಕಾದರೂ ಇರುತ್ತದೆ. ಈ ಮಳಿಗೆಗೆ ಹೋಗುವವನು ಸಂಯಮಿಯೆಂಬ ಭಾವದಿಂದಲೇ ಹೋಗುತ್ತಾನೆ, ಆದುದರಿಂದ ಪ್ರಶ್ನೆಯನ್ನು ಕೇಳುವುದು ಇನ್ನೂ ಕಡಿಮೆ. ಅಲ್ಲಿ ಸಕ್ಕರೆಯ ಬದಲಿಗೆ ಜೇನು ಹಾಕಿದ ತಿನಿಸುಗಳು ಸಾಲಾಗಿ ನಿಂತಿರುತ್ತವೆ, ಎಲ್ಲದರ ಮೇಲೂ ಹಸಿರು ಚುಕ್ಕಿ. 2020ರ ನಿಯಮಗಳಲ್ಲಿ ಮಾಂಸಾಹಾರದ ವ್ಯಾಖ್ಯೆಯಿಂದ ಹಾಲಿನ ಜೊತೆಗೆ ಜೇನು, ಜೇನುಮೇಣ, ಅರಗಿನಿಂದ ತೆಗೆದ ಶೆಲ್ಯಾಕ್ ಇವುಗಳನ್ನೂ ಹೊರಗಿಡಲಾಗಿದೆ. ಸಮಂತಭದ್ರರು ಮದ್ಯಮಾಂಸಗಳೊಡನೆ ಎಣಿಸಿದ ವಸ್ತು ಸರಕಾರದ ಲೆಕ್ಕದಲ್ಲಿ ಹಸಿರು. ಮಿಠಾಯಿಗಳಿಗೆ ಹೊಳಪು ಕೊಡುವ ಶೆಲ್ಯಾಕ್ ಅರಗಿನ ಹುಳುಗಳ ಸ್ರಾವ; ಅದನ್ನು ಕೆರೆದು ತೆಗೆಯುವಾಗ ಹುಳುಗಳ ಗತಿಯೇನೆಂಬುದನ್ನು ಚುಕ್ಕಿ ಹೇಳುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿಶುಂಠಿಗಳ ಅನಂತಕಾಯವಿಚಾರವಂತೂ ಅದರ ವ್ಯಾಪ್ತಿಗೆ ಸೇರಿದ್ದೇ ಅಲ್ಲ.

ಅದೇ ಮಳಿಗೆಯ ಇನ್ನೊಂದು ಕಪಾಟಿನಲ್ಲಿ ಪುಷ್ಟಿಕರ ಗುಳಿಗೆಗಳಿರುತ್ತವೆ. ಮೃದುವಾದ ಪಾರದರ್ಶಕ ಗುಳಿಗೆಯ ಕೋಶ ಬಹುಮಟ್ಟಿಗೆ ಜೆಲಟಿನ್. ಪ್ರಾಣಿಗಳ ಚರ್ಮ, ಮೂಳೆಗಳನ್ನು ಬೇಯಿಸಿ ತೆಗೆದದ್ದು. ಸಸ್ಯದ ನಾರಿನಿಂದ ಮಾಡಿದ ಕೋಶಗಳೂ ಈಗ ದೊರೆಯುತ್ತವೆ, ಕೇಳಿದವರಿಗೆ. ಹೃದಯಕ್ಕೆ ಒಳ್ಳೆಯದೆಂದು ಮಾರುವ ಒಮೆಗಾ-3 ಮೀನಿನ ಎಣ್ಣೆಯೂ ಆಗಬಹುದು, ಅಗಸೆಬೀಜದ ಎಣ್ಣೆಯೂ ಆಗಬಹುದು. ಡಿ3 ಜೀವಸತ್ವವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಿಸುತ್ತಾರೆ; ಕಲ್ಲುಹೂವಿನ ಜಾತಿಯಿಂದ ತೆಗೆದುದೂ ಉಂಟು. ಹುಡುಗರು ವ್ಯಾಯಾಮಶಾಲೆಯಿಂದ ಬಂದು ಕುಡಿಯುವ ವ್ಹೇ ಪುಡಿ ಹಾಲಿನದೇ ಸರಿ, ಆದರೆ ಗಿಣ್ಣು ಮಾಡುವಾಗ ಬೇರ್ಪಟ್ಟ ನೀರಿನಿಂದ ಬಂದದ್ದು. ಆ ಹಾಲನ್ನು ಒಡೆಸುವ ರೆನ್ನೆಟ್ ಹಿಂದೆ ಎಳೆಗರುವಿನ ಜಠರದಿಂದ ಬರುತ್ತಿತ್ತು. ಇಂದು ಬಹುಪಾಲು ಸೂಕ್ಷ್ಮಾಣುಗಳಿಂದ ತಯಾರಾದದ್ದನ್ನು ಬಳಸುತ್ತಾರೆ. ಯಾವುದೆಂದು ಕೇಳಿ ತಿಳಿಯಬೇಕು, ಅಷ್ಟೆ. 2022ರಲ್ಲಿ ಸಸ್ಯಮೂಲದ ಆಹಾರಕ್ಕೆ ‘ವೀಗನ್’ ಎಂಬ ಬೇರೊಂದು ಗುರುತಿನ ನಿಯಮಗಳು ಬಂದವು. ಜೇನನ್ನು ಹೊರಗಿಟ್ಟ ಸರಕಾರೀ ಮುದ್ರೆ ಇದೇ. ಹಾಲೂ ತುಪ್ಪವೂ ಅದರಲ್ಲಿ ನಿಷಿದ್ಧ. ಕಂದಮೂಲಗಳು, ಅಣಬೆ ನಿಷಿದ್ಧವಲ್ಲ. ಎರಡು ಮುದ್ರೆಗಳನ್ನು ಜೋಡಿಸಿದರೂ ಶ್ರಾವಕಾಚಾರದ ಅಳತೆಗೆ ಅದು ಸರಿಹೋಗದು.

ಮಿಠಾಯಿ ಅಂಗಡಿಗೆ ಮರಳಿದರೆ ಇನ್ನೂ ಒಂದು ತೊಡಕು. ಚುಕ್ಕಿಯ ನಿಯಮವೆಲ್ಲ ಪೊಟ್ಟಣ ಕಟ್ಟಿದ ಆಹಾರಕ್ಕೆ ಸೇರಿದ್ದು. ಗಾಜಿನ ಹಿಂದೆ ತಟ್ಟೆಯಲ್ಲಿ ಹರಡಿಟ್ಟು ತೂಗಿ ಕೊಡುವ ಬಿಡಿ ಮಿಠಾಯಿಯ ಮೈಮೇಲೆ ಯಾವ ಗುರುತೂ ಇಲ್ಲ. ಅಲ್ಲಿ ಬಾಯಿಮಾತಿನ ಪ್ರಶ್ನೆಯೊಂದೇ ಸಾಧನ: ಕರಿದದ್ದು ಯಾವುದರಲ್ಲಿ, ತುಪ್ಪ ಎಲ್ಲಿಯದು, ಅದೇ ಬಾಂಡ್ಲೆಯಲ್ಲಿ ಈರುಳ್ಳಿ ಪಕೋಡವನ್ನೂ ಕರಿಯುತ್ತಾರೆಯೇ, ಕೆಂಪು ಬಣ್ಣ ಯಾವುದು, ವರಖ್ ಎಲ್ಲಿಂದ ಬಂತು. ಬಣ್ಣದ ಪ್ರಶ್ನೆ ಅತಿಯೆನಿಸಬಹುದು. ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಒಣಗಿಸಿದ ಹುಳುಗಳಿಂದ ತೆಗೆಯುತ್ತಾರೆಂದು ತಿಳಿದವರಿಗೆ ಹಾಗೆನಿಸದು. ಅಂಗಡಿಯವನು ಬೇಸರಪಡುತ್ತಾನೆಂಬ ಸಂಕೋಚ ಸಹಜ. ಆದರೆ ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಚಿವಡ, ಬಾಳೆಕಾಯಿಯ ಉಪ್ಪೇರಿ ಇಂದು ಎಷ್ಟೋ ಅಂಗಡಿಗಳಲ್ಲಿ ‘ಜೈನ್’ ಎಂಬ ಚೀಟಿಯೊಡನೆ ಸಿಗುತ್ತಿರುವುದು ಹಿಂದೆ ಯಾರೋ ಹತ್ತಾರು ಸಲ ಕೇಳಿದ್ದರ ಫಲವಲ್ಲದೆ ಬೇರೇನಲ್ಲ.

ಬಿಡಿ ಮಿಠಾಯಿಗೆ ಸರಕಾರ ಒಂದು ಕಟ್ಟನ್ನು ಮಾತ್ರ ಹಾಕಿತ್ತು. 2020ರ ಅಕ್ಟೋಬರ್ 1ರಿಂದ ಪ್ರತಿ ತಟ್ಟೆಯ ಮುಂದೆಯೂ ಆ ತಿನಿಸನ್ನು ಯಾವ ದಿನಾಂಕದೊಳಗೆ ಬಳಸುವುದು ಉತ್ತಮವೆಂಬುದನ್ನು ತೋರಿಸಬೇಕೆಂದು ಆಗ ವಿಧಿಸಲಾಗಿತ್ತು. ಪ್ರಾಧಿಕಾರದ ಮಾರ್ಗಸೂಚಿಯಲ್ಲಿ ಕಲಾಕಂದ್‌ಗೆ ಒಂದೇ ದಿನ, ರಸಗುಲ್ಲದಂಥವಕ್ಕೆ ಎರಡು ದಿನ, ಖೋವಾದ ಸಿಹಿಗಳಿಗೆ ನಾಲ್ಕು ದಿನಗಳ ಅವಧಿಯನ್ನು ಸೂಚಿಸಲಾಗಿತ್ತು. ಇದನ್ನು ಓದಿದ ಹಿರಿಯ ಶ್ರಾವಿಕೆಗೆ ಆಶ್ಚರ್ಯವಾಗಲಾರದು. ಕಾಲಮರ್ಯಾದೆಯೆಂಬ ಹೆಸರಿನಿಂದ ಇದೇ ಲೆಕ್ಕ ಅವಳ ಅಡುಗೆಮನೆಯಲ್ಲಿ ಮೊದಲಿನಿಂದ ಇದ್ದಿತು. ಕಾಯಿಸಿದ ಹಾಲಿಗೆ 24 ಗಂಟೆ; ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ; ಬೂರಾ ಸಕ್ಕರೆಗೆ ಅದೇ ಕ್ರಮದಲ್ಲಿ 7, 15, 30 ದಿನ. ಶ್ವೇತಾಂಬರ ಪರಂಪರೆಯಲ್ಲಿ ಮಿಠಾಯಿಗೆ 15, 20, 30 ದಿನಗಳ ಎಣಿಕೆಯಿದೆ. ಎರಡು ಲೆಕ್ಕಗಳ ಆಧಾರ ಮಾತ್ರ ಬೇರೆ. ಅಂಗಡಿಯ ದಿನಾಂಕ ಲಕ್ಷಿಸುವುದು ತಿನ್ನುವವನ ಆರೋಗ್ಯವನ್ನು. ಕಾಲಮರ್ಯಾದೆ ಲಕ್ಷಿಸುವುದು ಹಳಸಿದ ತಿನಿಸಿನಲ್ಲಿ ಹುಟ್ಟುವ ಜೀವಗಳನ್ನು. ಶಾಸ್ತ್ರದ ಎಣಿಕೆ ಹಿಟ್ಟು ಬೀಸಿದ ಗಳಿಗೆಯಿಂದ, ಹಾಲು ಕರೆದ ಗಳಿಗೆಯಿಂದ ಆರಂಭವಾಗುತ್ತದೆ. ಅಂಗಡಿಯಲ್ಲಿ ತಯಾರಿಸಿದ ದಿನವನ್ನು ಬರೆಯುವುದು ಕೂಡ ಐಚ್ಛಿಕ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವ್ಯತ್ಯಾಸ ಎದುರಾಗುವುದು ಉತ್ಸವಗಳ ಸಮಯದಲ್ಲಿ. ನೂರಾರು ಮಂದಿಗೆ ಬೇಕಾದ ಸಿಹಿಯನ್ನು ಹೊರಗಿನಿಂದ ತರಿಸುವುದು ಅನಿವಾರ್ಯವೆನಿಸಿದಾಗ ದರವನ್ನು ಕುರಿತು ನಡೆಯುವಷ್ಟು ಚರ್ಚೆ ಸಾಮಗ್ರಿಯನ್ನು ಕುರಿತು ನಡೆಯುವುದಿಲ್ಲ. ತುಪ್ಪ, ಸಕ್ಕರೆ, ಹಿಟ್ಟುಗಳನ್ನು ಮಂಡಳಿಯೇ ಕೊಂಡು ಕೊಟ್ಟು, ಕ್ಷೇತ್ರದ ಪಾಕಶಾಲೆಯಲ್ಲಿ ಸೋಸಿದ ನೀರಿನಿಂದ, ಸೂರ್ಯಾಸ್ತಕ್ಕೆ ಮೊದಲು ಮಾಡಿಸುವ ಕಡೆಗಳೂ ಇವೆ. ಅಲ್ಲಿ ಖರ್ಚು ತುಸು ಹೆಚ್ಚು, ಸಂದೇಹವಿಲ್ಲ. ಅಂಗಡಿಗೇ ಒಪ್ಪಿಸುವುದಾದರೆ ವರಖ್ ಬೇಡ, ವನಸ್ಪತಿ ಬೇಡ, ಜೇನು ಬೇಡ, ಬೇರೆ ಬಾಂಡ್ಲೆ ಬೇಕು ಎಂಬ ನಾಲ್ಕು ಮಾತುಗಳನ್ನು ಬರವಣಿಗೆಯಲ್ಲಿಯೇ ಕೊಟ್ಟು ಸಹಿ ಪಡೆಯುವುದು ಕಷ್ಟವಲ್ಲ. ದೀಪಾವಳಿಯ ಅಮಾವಾಸ್ಯೆಯ ಬೆಳಗ್ಗೆ ಮಹಾವೀರಸ್ವಾಮಿಯ ಮೋಕ್ಷಕಲ್ಯಾಣಕ್ಕೆ ನಿರ್ವಾಣ ಲಾಡನ್ನು ಅರ್ಪಿಸುವ ಬಸದಿಗಳಲ್ಲಿ ಆ ಲಾಡು ಅಂಗಡಿಯಿಂದ ಬರುವುದಿದ್ದರೆ, ಅದರ ಕಡಲೆಹಿಟ್ಟು ಬೀಸಿದ್ದು ಯಾವ ದಿನವೆಂದು ಕೇಳುವುದಕ್ಕೆ ಹಬ್ಬದ ಬೆಳಗ್ಗೆ ಸಮಯವಿರುವುದಿಲ್ಲ. ವಾರಕ್ಕೆ ಮೊದಲು ಮುಂಗಡ ಕೊಡಲು ಹೋದ ದಿನವೇ ಕೇಳಬೇಕು.